ಮಗ್ಗದ ಮನೆಗೆ ಯಾವ ಇಂಧನ? ಕರೆಂಟು ಹೋದ ಗಂಟೆಯ ಲೆಕ್ಕಾಚಾರ

ದೊಡ್ಡಬಳ್ಳಾಪುರದ ನೇಕಾರರ ಓಣಿಗಳಲ್ಲಿ ಕರೆಂಟು ಹೋದ ಸುದ್ದಿ ಕಣ್ಣಿಗಿಂತ ಮೊದಲು ಕಿವಿಗೆ ತಲುಪುತ್ತದೆ. ಬೆಳಗಿನಿಂದ ಬಡಿಯುತ್ತಿದ್ದ ಮಗ್ಗಗಳ ಸದ್ದು ಒಮ್ಮೆಲೇ ಅಡಗುತ್ತದೆ. ಕೆಲವೇ ನಿಮಿಷಗಳಲ್ಲಿ ಅನುಕೂಲಸ್ಥರ ಮನೆಗಳ ಹಿತ್ತಲಲ್ಲಿ ಜನರೇಟರ್‌ಗಳು ಗುಡುಗಲು ಆರಂಭಿಸುತ್ತವೆ. ಉಳಿದವರು ಜಗಲಿಯ ಮೇಲೆ ಬಂದು ಕೂರುತ್ತಾರೆ. ಸೀರೆಗೆ ಇಷ್ಟೆಂದು ಕೂಲಿ ಪಡೆಯುವ ನೇಕಾರನಿಗೆ ಮಗ್ಗ ನಿಂತ ಗಂಟೆಗೆ ಸಂಬಳವಿಲ್ಲ. ಜನರೇಟರ್ ಇದ್ದವನಿಗೂ ಆ ಗಂಟೆ ಲಾಭದ್ದೇ ಎಂದು ಹೇಳುವಂತಿಲ್ಲ. ಅದನ್ನು ನಿರ್ಧರಿಸುವುದು ಟ್ಯಾಂಕಿನಲ್ಲಿ ಏನಿದೆ ಎಂಬ ಸಂಗತಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಮನೆಗೊಂದು ಜನರೇಟರ್ ಕೊಳ್ಳುವವರ ಅಗತ್ಯ ಒಂದೇ ಬಗೆಯದಲ್ಲ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ದೇವನಹಳ್ಳಿಯ ಸುತ್ತ ಎದ್ದ ಬಡಾವಣೆಗಳಲ್ಲಿ ಫ್ರಿಜ್, ಫ್ಯಾನು, ನೀರಿನ ಪಂಪು ನಡೆದರೆ ಸಾಕು. ಹೊಸಕೋಟೆ, ನೆಲಮಂಗಲಗಳಲ್ಲಿ ಮನೆಯ ಕೆಳಗೇ ಅಂಗಡಿ, ಹಿಟ್ಟಿನ ಗಿರಣಿ, ಸಣ್ಣ ಕಾರ್ಖಾನೆ ನಡೆಸುವವರಿದ್ದಾರೆ. ದೊಡ್ಡಬಳ್ಳಾಪುರದಲ್ಲಂತೂ ವಾಸದ ಮನೆಯೇ ಮಗ್ಗದ ಮನೆ. ಆದರೂ ಅಂಗಡಿಗೆ ಹೋದ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕೆವಿಎ, ಎಷ್ಟು ಬೆಲೆ?’ ಯಾವ ಇಂಧನ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಯಂತ್ರದ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಇಂಧನದ ಬೆಲೆಯನ್ನು ಮಾತ್ರ ಯಂತ್ರ ಬಾಳುವಷ್ಟು ಕಾಲ ತೆರಬೇಕಾಗುತ್ತದೆ.

ಈ ಪ್ರಶ್ನೆಗೆ ಈಗ ಒಂದು ಗಡುವೂ ಅಂಟಿಕೊಂಡಿದೆ. ಕೇಂದ್ರ ಸರ್ಕಾರ 2020ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿ, 2022ರ ಏಪ್ರಿಲ್‌ನಲ್ಲಿ ಅದಕ್ಕೆ ತಿದ್ದುಪಡಿ ತಂದಿತು. ಡೀಸೆಲ್ ಜನರೇಟರನ್ನು ಅಗತ್ಯದ ಬದಲಿ ವ್ಯವಸ್ಥೆಯಾಗಿ ಬಳಸುವ ಗ್ರಾಹಕರು ಐದು ವರ್ಷದೊಳಗೆ ಬ್ಯಾಟರಿ ಸಹಿತ ನವೀಕರಿಸಬಹುದಾದ ಇಂಧನದಂತಹ ಶುದ್ಧ ತಂತ್ರಜ್ಞಾನಕ್ಕೆ ಬದಲಾಗಲು ಪ್ರಯತ್ನಿಸಬೇಕು ಎನ್ನುತ್ತದೆ ಆ ತಿದ್ದುಪಡಿ. ಐದು ವರ್ಷ ತುಂಬುವುದು 2027ರ ಏಪ್ರಿಲ್‌ನಲ್ಲಿ. ಇಲ್ಲವೇ ಆಯಾ ಪ್ರದೇಶದ ವಿದ್ಯುತ್ ಪೂರೈಕೆ ಎಷ್ಟು ನಂಬಿಕೆಗೆ ಅರ್ಹವೆಂಬುದನ್ನು ನೋಡಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವೇ ಬೇರೆ ಗಡುವು ನೀಡಬಹುದು. ‘ಪ್ರಯತ್ನಿಸಬೇಕು’ ಎಂಬುದು ದಂಡ ವಿಧಿಸುವ ಭಾಷೆಯಲ್ಲ, ನಿಜ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಂತೂ ಸ್ಪಷ್ಟ.

ಅಗ್ಗದ ಯೂನಿಟ್ಟು, ಅಗ್ಗವಲ್ಲದ ಯಂತ್ರ

ನಾಲ್ಕು ಮಗ್ಗಗಳ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮಗ್ಗಕ್ಕೊಂದು ಅಶ್ವಶಕ್ತಿಯ ಮೋಟಾರು, ಜೊತೆಗೆ ಕೆಲವು ದೀಪ. ನಾಲ್ಕೂ ನಡೆದಾಗ ಗಂಟೆಗೆ ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಈ ಗಾತ್ರದ ಸಣ್ಣ ಡೀಸೆಲ್ ಜನರೇಟರ್ ಲೀಟರಿಗೆ ಎರಡೂವರೆಯಿಂದ ಮೂರು ಯೂನಿಟ್ ಕೊಡುತ್ತದೆ. ರಾಜ್ಯ ಸರ್ಕಾರ ತೆರಿಗೆ ಏರಿಸಿದ ಬಳಿಕ, 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ಬೆಲೆ ಲೀಟರಿಗೆ 91 ರೂ. ಆಯಿತು. ಆ ದರದಲ್ಲಿ ಯೂನಿಟ್ಟಿಗೆ 30ರಿಂದ 36 ರೂ. ಬೀಳುತ್ತದೆ. ಸಣ್ಣ ಪೆಟ್ರೋಲ್ ಯಂತ್ರ ಲೀಟರಿಗೆ ಎರಡು ಯೂನಿಟ್ ಕೊಟ್ಟರೆ ಅದೇ ಹೆಚ್ಚು. ಪೆಟ್ರೋಲ್ ಲೀಟರಿಗೆ 103 ರೂ. ಎಂದು ಹಿಡಿದರೆ ಯೂನಿಟ್ಟಿಗೆ 50ರಿಂದ 60 ರೂ. ಆಗುತ್ತದೆ.

ದಿನಕ್ಕೆ ಎರಡು ಗಂಟೆಯಂತೆ ತಿಂಗಳಲ್ಲಿ 25 ದಿನ ಕರೆಂಟು ಹೋಯಿತೆಂದರೆ 150 ಯೂನಿಟ್‌ಗಳನ್ನು ಜನರೇಟರಿನಿಂದಲೇ ಪಡೆಯಬೇಕು. ಡೀಸೆಲ್‌ನಲ್ಲಿ ಇದಕ್ಕೆ ತಗಲುವ ವೆಚ್ಚ ನಾಲ್ಕೂವರೆಯಿಂದ ಐದೂವರೆ ಸಾವಿರ ರೂ. ಪೆಟ್ರೋಲ್‌ನಲ್ಲಿ ಏಳೂವರೆಯಿಂದ ಒಂಬತ್ತು ಸಾವಿರ ರೂ. ಇನ್ನೊಂದು ಕಡೆ, 2023ರ ನವೆಂಬರಿನಿಂದ ರಾಜ್ಯ ಸರ್ಕಾರ 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಿಸಿತು. ತಂತಿಯಲ್ಲಿ ಬಂದರೆ ಬಿಟ್ಟಿ, ಬಾರದಿದ್ದರೆ ಯೂನಿಟ್ಟಿಗೆ 30 ರೂಪಾಯಿಗೂ ಮೇಲೆ. ವಿಧಾನಸೌಧದ ಲೆಕ್ಕದಲ್ಲಿ ಸಬ್ಸಿಡಿಯ ಮೊತ್ತ ಕಾಣಿಸುತ್ತದೆ. ಕರೆಂಟು ಹೋದ ಗಂಟೆಗಳಲ್ಲಿ ಆ ಸಬ್ಸಿಡಿಯನ್ನು ಬಂಕಿನ ಮೀಟರ್ ವಾಪಸು ಕಸಿದುಕೊಳ್ಳುವುದು ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ.

ಡೀಸೆಲ್ ಗೆದ್ದಿರುವುದು ಯೂನಿಟ್ಟಿನ ಬೆಲೆಯಿಂದ ಮಾತ್ರವಲ್ಲ. ಮಗ್ಗದ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಸಾಮಾನ್ಯಕ್ಕಿಂತ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆ ಜಗ್ಗಾಟಕ್ಕೆ ಸಣ್ಣ ಪೆಟ್ರೋಲ್ ಯಂತ್ರ ಉಸಿರುಗಟ್ಟುತ್ತದೆ. ವೋಲ್ಟೇಜ್ ಕುಸಿದರೆ ಎಲೆಕ್ಟ್ರಾನಿಕ್ ಜಕಾರ್ಡ್ ಇರುವ ಮನೆಗಳಲ್ಲಿ ತೊಂದರೆ ಇಮ್ಮಡಿಯಾಗುತ್ತದೆ. ಮಗ್ಗ ನಿಂತು ಮತ್ತೆ ಚಾಲೂ ಆದ ಜಾಗದಲ್ಲಿ ಬಟ್ಟೆಯ ಮೇಲೆ ಅಡ್ಡಗೆರೆ ಬೀಳುವ ಸಂಭವವಿದ್ದು, ಅಂತಹ ಸೀರೆಗೆ ಪೂರ್ಣ ಬೆಲೆ ಸಿಗುವುದಿಲ್ಲ. ಮೂರು ಫೇಸ್ ಮೋಟಾರು ನಡೆಸಬಲ್ಲ, ನಿಧಾನವಾಗಿ ತಿರುಗುವ, ಹೆಚ್ಚು ವರ್ಷ ಬಾಳುವ ಯಂತ್ರ ಬೇಕೆಂದರೆ ಡೀಸೆಲ್ಲೇ ಸುಲಭಕ್ಕೆ ಸಿಗುತ್ತದೆ. ಮೋಟಾರುಗಳನ್ನು ಒಂದಾದ ಮೇಲೊಂದರಂತೆ ಚಾಲೂ ಮಾಡುವ ಶಿಸ್ತಿದ್ದರೆ ನಾಲ್ಕು ಮಗ್ಗಕ್ಕೆ ಏಳೂವರೆ ಕೆವಿಎ ಸಾಕಾಗುತ್ತದೆ. ಆ ಶಿಸ್ತಿಲ್ಲದ ಕಡೆ ಹದಿನೈದು ಕೆವಿಎ ತಂದಿಟ್ಟು, ವರ್ಷವಿಡೀ ಕಾಲು ಭಾಗದ ಹೊರೆಯಲ್ಲಿ ಓಡಿಸುವ ಪರಿಪಾಠ ಬೆಳೆಯುತ್ತದೆ.

ಡೀಸೆಲ್‌ನ ದೊಡ್ಡ ಶತ್ರು ಇದೇ ಪರಿಪಾಠ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿದ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಅರ್ಧ ಉರಿದ ಇಂಧನ ಮಸಿಯಾಗಿ ಹೊಗೆಕೊಳವೆಯಲ್ಲಿ, ಇಂಜೆಕ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ದೇವನಹಳ್ಳಿಯ ವಿಲ್ಲಾದಲ್ಲಿ 5 ಕೆವಿಎ ಡೀಸೆಲ್ ಯಂತ್ರ ಇಟ್ಟುಕೊಂಡು ರಾತ್ರಿಯಿಡೀ ಒಂದು ಫ್ರಿಜ್ಜು, ನಾಲ್ಕು ಫ್ಯಾನು ನಡೆಸುವುದೆಂದರೆ ತೆಂಗಿನಕಾಯಿ ಸಾಗಿಸಲು ಲಾರಿ ಗೊತ್ತುಮಾಡಿದಂತೆ. ನೇಕಾರನಿಗೆ ಒಗ್ಗುವ ಯಂತ್ರ ಬಡಾವಣೆಯ ಮನೆಗೆ ಒಗ್ಗುವುದಿಲ್ಲ.

ಹೊಗೆಯ ಮಾತನ್ನೂ ಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಹೊಸ ಜನರೇಟರುಗಳಿಗೆ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಬಿಗಿಯಾದ ಮಾಲಿನ್ಯ ಮಿತಿ ಪ್ರಕಟಿಸಿ, 2023ರ ಜುಲೈನಿಂದ ಅನ್ವಯಿಸಿದೆ. ಹೊರಗವಚದಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಕೂಡದೆಂಬ ನಿಯಮ ಅದಕ್ಕೂ ಹಳೆಯದು. ಕಷ್ಟವಿರುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ. ಅಗ್ಗಕ್ಕೆ ಸಿಗುವ ಹಳೆಯ ಯಂತ್ರಗಳು ಈ ಮಿತಿಗಳಿಗಿಂತ ಮೊದಲಿನವು. ಓಣಿಯ ಗೋಡೆಗೆ ತಾಗಿದಂತೆ ಇಟ್ಟರೆ ಅದರ ಹೊಗೆ ಮೊದಲು ಹೋಗುವುದು ಪಕ್ಕದ ಮನೆಯ ಕಿಟಕಿಗೆ.

ಸೀಮೆಎಣ್ಣೆಯ ಕಾಲ ಮುಗಿಯಿತು, ಪೆಟ್ರೋಲ್ ಬದಲಾಯಿತು

ಎರಡು ಮೂರು ದಶಕಗಳ ಹಿಂದೆ ಮದುವೆ ಮನೆ, ಅಂಗಡಿ, ಸಣ್ಣ ಕ್ಲಿನಿಕ್ಕುಗಳಲ್ಲೆಲ್ಲ ಶ್ರೀರಾಮ್ ಹೊಂಡಾ, ಬಿರ್ಲಾ ಯಮಹಾ ಯಂತ್ರಗಳು ಕಾಣುತ್ತಿದ್ದವು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ರೂಢಿ. ಪಡಿತರದ ನೀಲಿ ಸೀಮೆಎಣ್ಣೆಯನ್ನು ಅಡುಗೆ ಮತ್ತು ದೀಪಕ್ಕಲ್ಲದೆ ಬಳಸಕೂಡದೆಂದು 1993ರ ಆದೇಶವಿದ್ದರೂ ಅದನ್ನು ಲೆಕ್ಕಿಸಿದವರು ಕಡಿಮೆ. ಸಬ್ಸಿಡಿಯನ್ನು ಹಂತಹಂತವಾಗಿ ಇಳಿಸಿದ ಕೇಂದ್ರ ಸರ್ಕಾರ 2020ರ ವೇಳೆಗೆ ಅದನ್ನು ಪೂರ್ತಿ ಅಳಿಸಿತು. ಸೀಮೆಎಣ್ಣೆ ಯಂತ್ರ ಅಗ್ಗವೆನಿಸಿದ್ದು ಯಂತ್ರದ ಗುಣದಿಂದಲ್ಲ, ಇನ್ನೊಬ್ಬರ ಪಡಿತರದಿಂದ. ಅದು ಹೋದ ಮೇಲೆ ಯಂತ್ರವೂ ಮೂಲೆ ಸೇರಿತು.

ಪೆಟ್ರೋಲ್ ಯಂತ್ರ ಇಂದಿಗೂ ಮಾರಾಟವಾಗುತ್ತಿರುವುದು ಅದು ಹಗುರ, ಅಗ್ಗ, ಸದ್ದು ಕಡಿಮೆ ಎಂಬ ಕಾರಣಗಳಿಗೆ. ವರ್ಷಕ್ಕೆ ಹತ್ತಿಪ್ಪತ್ತು ಗಂಟೆ ಮಾತ್ರ ಬೇಕಾಗುವ ಮನೆಗೆ ಅದು ಸರಿಯಾದ ಆಯ್ಕೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಪರೂಪಕ್ಕೆ ಬಳಸುವವರಿಗೇ ಪೆಟ್ರೋಲ್ ಕೈಕೊಡುವುದು ಹೆಚ್ಚು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ಹಳಸಿ ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗುತ್ತದೆ. ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ 2022ರಲ್ಲಿ ಶೇ. 10ಕ್ಕೆ, 2025ರಲ್ಲಿ ಶೇ. 20ಕ್ಕೆ ಮುಟ್ಟಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿನಲ್ಲಿ ಅದು ನೀರನ್ನೂ ಸೇರಿಸಿಕೊಂಡು ತಳಕ್ಕೆ ಇಳಿಯಬಹುದು. ಹಳೆಯ ಯಂತ್ರಗಳ ರಬ್ಬರ್ ಭಾಗಗಳಿಗೂ ಅದು ಒಗ್ಗುವುದಿಲ್ಲ. ಬಳಸಿದ ನಂತರ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವವರಿಗೆ ಮಾತ್ರ ಪೆಟ್ರೋಲ್ ಯಂತ್ರ ಹೇಳಿದ ಹೊತ್ತಿಗೆ ಎದ್ದು ನಿಲ್ಲುತ್ತದೆ.

ದಾಸ್ತಾನಿನ ಪ್ರಶ್ನೆಯೂ ಇದೆ. ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿಗಿಂತ ಹೆಚ್ಚು ಇಡುವಂತಿಲ್ಲ. ಡೀಸೆಲ್‌ಗೆ ಈ ಮಿತಿ 2,500 ಲೀಟರ್. ಎರಡರ ನಡುವಿನ ಈ ಅಂತರವೇ ಬೆಂಕಿಯ ಅಪಾಯ ಎಷ್ಟು ಬೇರೆಯೆಂಬುದನ್ನು ಹೇಳುತ್ತದೆ. ನಡುರಾತ್ರಿ ಪೆಟ್ರೋಲ್ ಮುಗಿದರೆ ಕ್ಯಾನ್ ಹಿಡಿದು ಬಂಕಿಗೆ ಓಡುವವನಿಗೆ ಅಲ್ಲಿ ಬಿಡಿ ಪೆಟ್ರೋಲ್ ಕೊಡುತ್ತಾರೆಂಬ ಖಾತರಿಯೂ ಇಲ್ಲ.

ಅನಿಲದ ಎರಡು ಮುಖ

ಹಳಸದ ಇಂಧನ ಬೇಕೆಂದರೆ ಅನಿಲವೇ ಸರಿ. ಸಿಲಿಂಡರಿನಲ್ಲಿ ವರ್ಷಗಟ್ಟಲೆ ಇಟ್ಟರೂ ಎಲ್‌ಪಿಜಿ ಕೆಡುವುದಿಲ್ಲ, ಮಸಿ ಕಟ್ಟುವುದಿಲ್ಲ. ಪೆಟ್ರೋಲ್ ಎಂಜಿನ್ನಿಗೇ ಅನಿಲದ ಕಿಟ್ ಜೋಡಿಸಿದ ಯಂತ್ರಗಳೂ ಸಿಗುತ್ತವೆ. ಆದರೆ ಇಲ್ಲಿ ಅಡ್ಡಿಯಾಗಿರುವುದು ಕಾನೂನು ಮತ್ತು ಚಳಿ. ಮನೆಯ 14.2 ಕೆ.ಜಿ. ಸಿಲಿಂಡರ್ ಅಡುಗೆಗೆಂದೇ ಕೊಟ್ಟದ್ದು, ಅದನ್ನು ಜನರೇಟರಿಗೆ ಜೋಡಿಸುವುದು 2000ದ ಎಲ್‌ಪಿಜಿ ಆದೇಶಕ್ಕೆ ವಿರುದ್ಧ. ಹೀಗಾಗಿ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು. ಕೆ.ಜಿ.ಗೆ 90 ರೂ. ಎಂದು ಹಿಡಿದು, ಕೆ.ಜಿ.ಗೆ ಎರಡರಿಂದ ಎರಡೂವರೆ ಯೂನಿಟ್ ಲೆಕ್ಕ ಹಾಕಿದರೆ ಯೂನಿಟ್ಟಿಗೆ 36ರಿಂದ 45 ರೂ. ಬೀಳುತ್ತದೆ. ಅಂದರೆ ಡೀಸೆಲ್‌ಗಿಂತ ದುಬಾರಿ, ಪೆಟ್ರೋಲ್‌ಗಿಂತ ಅಗ್ಗ. ನಾಲ್ಕು ಮಗ್ಗದ ಹೊರೆಗೆ ಒಂದೇ ಸಿಲಿಂಡರಿನಿಂದ ಬಿಡುವಿಲ್ಲದೆ ಅನಿಲ ಎಳೆದರೆ ಸಿಲಿಂಡರ್ ತಣ್ಣಗಾಗಿ, ಮೇಲೆ ಮಂಜು ಕಟ್ಟಿ, ಒತ್ತಡ ಇಳಿಯುತ್ತದೆ. ಡಿಸೆಂಬರಿನ ಬೆಳಗಿನ ಜಾವದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಸಂಪಿನಲ್ಲಿ, ನೆಲಮಾಳಿಗೆಯಲ್ಲಿ ಮಡುಗಟ್ಟುತ್ತದೆ ಎಂಬುದನ್ನೂ ನೆನಪಿಡಬೇಕು.

ಕೊಳವೆ ಅನಿಲಕ್ಕೆ ಈ ದೋಷಗಳಿಲ್ಲ. ದಾಭೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಚಾಲನೆಗೊಂಡಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ವಿತರಣೆಯ ಹೊಣೆ 2015ರಲ್ಲಿ ಗೇಲ್ ಗ್ಯಾಸ್ ಸಂಸ್ಥೆಗೆ ದೊರೆಯಿತು. ಕರೆಂಟು ಹೋದರೂ ನೆಲದೊಳಗಿನ ಅನಿಲ ನಿಲ್ಲುವುದಿಲ್ಲ, ದಾಸ್ತಾನು ಬೇಡ, ಸೋರಿದರೆ ಮೇಲಕ್ಕೆ ಹಾರಿಹೋಗುತ್ತದೆ. ಆದರೆ ಇದು ಕೊಳವೆ ಮನೆಬಾಗಿಲಿಗೆ ಬಂದಿರುವವರಿಗೆ ಮಾತ್ರದ ಮಾತು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಮೀಟರ್ ಗಂಟೆಗೆ ಹೆಚ್ಚೆಂದರೆ 2.5 ಘನ ಮೀಟರ್ ಅನಿಲ ಬಿಡುತ್ತದೆ. ಸಣ್ಣ ಯಂತ್ರದಲ್ಲಿ ಅದರಿಂದ ಐದು ಕಿಲೋವಾಟ್ ಹುಟ್ಟಿಸಬಹುದು, ಅಷ್ಟು ಹೊತ್ತೂ ಒಲೆ ಉರಿಯುವುದು ಕಷ್ಟ. ಗೃಹಬಳಕೆಯ ದರಕ್ಕೂ ವಾಣಿಜ್ಯ ದರಕ್ಕೂ ವ್ಯತ್ಯಾಸವಿದೆ. ಮನೆಯೂ ಕಾರ್ಖಾನೆಯೂ ಒಂದೇ ಸೂರಿನಡಿ ಇರುವ ಮಗ್ಗದ ಮನೆ ಯಾವ ದರಕ್ಕೆ ಸೇರುತ್ತದೆಂಬುದನ್ನು ಯಂತ್ರ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಲೆಕ್ಕ ಉಲ್ಟಾ ಹೊಡೆಯುವುದು ಬಹುತೇಕ ಈ ಒಂದು ಸಾಲಿನಲ್ಲೇ.

ಪೇಟೆಯ ಇಂಧನವನ್ನೇ ನೆಚ್ಚಬಾರದೆಂಬ ಯೋಚನೆ ಈ ನಾಡಿಗೆ ಹೊಸದಲ್ಲ. ನೆಲಮಂಗಲ ದಾಟಿದರೆ ಹೆಚ್ಚು ದೂರವಿಲ್ಲದ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1987ರಲ್ಲೇ ಸಗಣಿ ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ ದೀಪ ಉರಿಸಿ, ನೀರು ಎತ್ತಿದ್ದರು. ಮರುವರ್ಷ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ಅದೇ ಕೆಲಸ ನಡೆಯಿತು. ಎರಡೂ ಕಡೆ ಡೀಸೆಲ್ ಸಂಪೂರ್ಣ ತಪ್ಪಲಿಲ್ಲ, ಅದರ ಬಹುಪಾಲು ಉಳಿಯಿತು. ಹೊಂಗೆ ಎಣ್ಣೆಯ ಪ್ರಯೋಗಗಳೂ ನಡೆದವು, ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೂ ಬಂತು. ಆದರೆ ಬದುವಿನ ಹೊಂಗೆ ಬೀಜವನ್ನು ಗಾಣದಲ್ಲಿ ಹಿಂಡಿ ನೇರವಾಗಿ ಟ್ಯಾಂಕಿಗೆ ಸುರಿಯುವುದು ಬುದ್ಧಿವಂತಿಕೆಯಲ್ಲ. ಸಂಸ್ಕರಿಸದ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದವಾಗಿದ್ದು ಇಂಜೆಕ್ಟರಿನಲ್ಲಿ ಅಂಟುತ್ತದೆ. ಊರಿಗೊಂದು ಯಂತ್ರವಿದ್ದು ಅದನ್ನು ನೋಡಿಕೊಳ್ಳುವವರಿದ್ದರೆ ಇವೆಲ್ಲ ನಡೆಯುತ್ತವೆ. ಒಂಟಿ ಮನೆಯ ಜನರೇಟರಿಗೆ ಇವು ಇನ್ನೂ ಉತ್ತರವಾಗಿಲ್ಲ.

ಇಂಧನವೇ ಬೇಡವೆಂದರೆ?

ಬಡಾವಣೆಯ ಮನೆಗಳಿಗೆ ಬ್ಯಾಟರಿಯೇ ಸರಿಯಾದ ಮದ್ದು ಎನ್ನುವುದರಲ್ಲಿ ಎರಡು ಮಾತಿಲ್ಲ. 150 ಆಂಪಿಯರ್ ಗಂಟೆಯ ಸಾಮಾನ್ಯ 12 ವೋಲ್ಟ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿದರೂ ಕೈಗೆ ಸಿಗುವುದು ಒಂದು ಯೂನಿಟ್ಟಿನ ಆಸುಪಾಸು. ಫ್ಯಾನು, ದೀಪ, ಇಂಟರ್‌ನೆಟ್ಟಿಗೆ ಅದು ಕೆಲ ಗಂಟೆಗಳಿಗೆ ಸಾಕು. ನಾಲ್ಕು ಮಗ್ಗವನ್ನು ಎರಡು ಗಂಟೆ ನಡೆಸಲು ಆರು ಯೂನಿಟ್ ಬೇಕು. ಅಂತಹ ಐದಾರು ಬ್ಯಾಟರಿ, ಮೋಟಾರಿನ ಆರಂಭದ ಜಗ್ಗಾಟ ತಡೆಯುವ ಮೂರು ಫೇಸ್ ಇನ್ವರ್ಟರ್ ಎಂದರೆ ನೇಕಾರನ ಮನೆಗೆ ಅದು ಸಣ್ಣ ಬಂಡವಾಳವಲ್ಲ.

ಸೂರ್ಯನನ್ನು ನಂಬಿದವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಚಾವಣಿ ಸೌರಘಟಕಕ್ಕೆ 78,000 ರೂ. ಸಹಾಯಧನವಿದೆ. ಕರೆಂಟು ಹೋದಾಗ ಬಿಸಿಲಿದ್ದರೂ ಬ್ಯಾಟರಿ ಇಲ್ಲದ ಗ್ರಿಡ್ ಸಂಪರ್ಕಿತ ಘಟಕ ತಾನೂ ನಿಂತುಬಿಡುತ್ತದೆ ಎಂಬುದು ಕೊಂಡ ಮೇಲೆ ಅರಿವಾಗುವುದುಂಟು. ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮನ್‌ನ ಪ್ರಾಣರಕ್ಷಣೆಗೆಂದೇ ಹಾಗೆ ಮಾಡಲಾಗಿದೆ. ಕೈಯಾರೆ ಚಾಲೂ ಮಾಡುವ ಜನರೇಟರಿಗೆ ಆ ವಿವೇಕ ತಾನಾಗಿ ಇರುವುದಿಲ್ಲ. ಚೇಂಜ್‌ಓವರ್ ಸ್ವಿಚ್ ಹಾಕದೆ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಮನೆಯ ವಿದ್ಯುತ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಸೇರಿ, ಅತ್ತ ಕಡೆ ಸಾವಿರಾರು ವೋಲ್ಟ್ ಆಗಿ ತಂತಿಗೆ ಏರಬಲ್ಲದು. ಮುಚ್ಚಿದ ಕೋಣೆಯಲ್ಲಿ ಯಂತ್ರ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಇಂಧನ ಯಾವುದೇ ಇರಲಿ, ಈ ಎರಡು ಮಾತು ಎಲ್ಲಕ್ಕೂ ಅನ್ವಯ.

ಹಾಗಾದರೆ ಆಯ್ಕೆಯನ್ನು ನಿರ್ಧರಿಸುವುದು ಇಂಧನದ ಗುಣಕ್ಕಿಂತ ಹೆಚ್ಚಾಗಿ ಕರೆಂಟು ಹೋಗುವ ರೀತಿ. ದಿನಕ್ಕೆ ಅರ್ಧ ಗಂಟೆಯೋ, ಎರಡು ಗಂಟೆಯೋ, ವಾರಕ್ಕೊಮ್ಮೆ ಇಡೀ ದಿನವೋ ಎಂಬುದು ಗೊತ್ತಿಲ್ಲದೆ ಯಾರೂ ಸರಿಯಾದ ಯಂತ್ರ ಕೊಳ್ಳಲಾರರು. ಅರ್ಧ ಗಂಟೆಗೆ ಮಗ್ಗದ ಮನೆಯೂ ಸುಮ್ಮನಿರಬಹುದು. ದಿನಕ್ಕೆರಡು ಗಂಟೆಗೆ, ಸದ್ಯದ ಬೆಲೆಯಲ್ಲಿ, ಹೊರೆಗೆ ತಕ್ಕ ಗಾತ್ರದ ಹೊಸ ಡೀಸೆಲ್ ಯಂತ್ರವನ್ನು ಮೀರಿಸುವುದು ಕಷ್ಟ. ಅಕ್ಕಪಕ್ಕದ ನಾಲ್ಕಾರು ಮನೆಗಳು ಸೇರಿ ಒಂದೇ ಯಂತ್ರ ಹಾಕಿಕೊಂಡರೆ ಹೊರೆಯೂ ತುಂಬುತ್ತದೆ, ಹೊಗೆಯೂ ಒಂದೇ ಕಡೆ, ಎತ್ತರದಲ್ಲಿ ಹೋಗುತ್ತದೆ. 2023ರ ಬರಗಾಲದಲ್ಲಿ ಅಕ್ಟೋಬರ್ ತಿಂಗಳಲ್ಲೇ ಬೇಡಿಕೆ ಏರಿ ಲೋಡ್ ಶೆಡ್ಡಿಂಗ್ ಬಂದಾಗ, ರೈತರ ಪಂಪುಸೆಟ್ಟಿಗೆ ಐದು ಗಂಟೆ ಮೂರು ಫೇಸ್ ಸಾಕೇ, ಏಳು ಗಂಟೆ ಬೇಕೇ ಎಂಬ ಚರ್ಚೆ ರಾಜ್ಯವಿಡೀ ನಡೆಯಿತು. ಮೂರು ಫೇಸಿನ ಮೇಲೆಯೇ ನಡೆಯುವ ಮಗ್ಗಗಳ ಮಾತು ಆ ಗದ್ದಲದಲ್ಲಿ ಬಹುಮಟ್ಟಿಗೆ ಕೇಳಿಸಲಿಲ್ಲ.

2022ರ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿತ್ತು: ಡೀಸೆಲ್ ಜನರೇಟರ್ ಓಡಿಸುವ ಅಗತ್ಯವೇ ಬಾರದಂತೆ ವಿತರಣಾ ಕಂಪನಿ ದಿನದ 24 ಗಂಟೆಯೂ ವಿದ್ಯುತ್ ಕೊಡಬೇಕು, ಅದರಲ್ಲೂ ಮಹಾನಗರ ಮತ್ತು ದೊಡ್ಡ ನಗರಗಳಲ್ಲಿ. ದೊಡ್ಡಬಳ್ಳಾಪುರ ಬೆಂಗಳೂರಿಗೆ ನಲವತ್ತು ಕಿ.ಮೀ. ಹತ್ತಿರವಿದ್ದರೂ ಮಹಾನಗರವಲ್ಲ. ಗ್ರಾಹಕನಿಗೆ ಐದು ವರ್ಷ ಎಂಬ ಎಣಿಕೆ ಇದೆ, ಕಂಪನಿಯ ಹೊಣೆಗೆ ಅಂತಹ ತಾರೀಖು ಕಾಣುವುದಿಲ್ಲ. ಆಯೋಗವು ಪೂರೈಕೆಯ ಗುಣಮಟ್ಟ ನೋಡಿ ಗಡುವು ನಿರ್ಧರಿಸುವುದಾದರೆ, ಬೆಸ್ಕಾಂನ ಯಾವ ಫೀಡರಿನಲ್ಲಿ ತಿಂಗಳಿಗೆ ಎಷ್ಟು ಗಂಟೆ, ಎಷ್ಟು ಬಾರಿ, ಯಾವ ಹೊತ್ತಿನಲ್ಲಿ ಕರೆಂಟು ಹೋಯಿತೆಂಬ ಲೆಕ್ಕ ಆ ಓಣಿಯ ಮನೆಯವರ ಕೈಗೂ ಸಿಗಬೇಕು. ಜಿಲ್ಲೆಗೆ ಒಟ್ಟು ಸರಾಸರಿ ತೆಗೆದರೆ ಕೈಗಾರಿಕಾ ಪ್ರದೇಶದ ಫೀಡರಿನ ಒಳ್ಳೆಯ ಅಂಕಿ ಮಗ್ಗದ ಓಣಿಯ ಕೆಟ್ಟ ಅಂಕಿಯನ್ನು ನುಂಗಿಬಿಡುತ್ತದೆ. ಅಲ್ಲಿಯವರೆಗೆ ನೇಕಾರರೇ ಗೋಡೆಯ ಕ್ಯಾಲೆಂಡರಿನಲ್ಲಿ ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಡಬೇಕು. ಜನರೇಟರ್ ಅಂಗಡಿಯಲ್ಲೂ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲೂ ಮುಂದಿಡಲು ಅವರ ಬಳಿ ಸದ್ಯಕ್ಕೆ ಇರುವ ದಾಖಲೆ ಅದೊಂದೇ.